ನಿಂಬೆ ಕಜ್ಜಿಗೆ ‘ಪೆಪ್ಟೈಡ್ ಔಷಧಿ’: ಎರಡು ಬಾಟಲಿ, ಎರಡು ವರ್ಷದ ಅನುಭವ

ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ನಿಂಬೆ ಗಿಡದ ಕಜ್ಜಿ ರೋಗಕ್ಕೆ ಅಂತ ತಂದ ಎರಡು ಬಾಟಲಿ ಕಥೆ ಇದೆ. ಒಂದಕ್ಕೆ ಐದರಲ್ಲಿ ಒಂದು ಸ್ಟಾರ್ ಕೊಡ್ತೀನಿ, ಇನ್ನೊಂದಕ್ಕೆ ಮೂರೂವರೆ. ಎರಡರ ಕಂಪನಿ ಹೆಸರೂ ಬರೆಯಲ್ಲ. ಮೊದಲನೇದರದ್ದು ಬರೆದ್ರೆ ಜಗಳ, ಎರಡನೇದರದ್ದು ಬರೆಯೋ ಅಗತ್ಯನೇ ಇಲ್ಲ, ಯಾಕಂದ್ರೆ ಅದರಲ್ಲಿರೋ ಒಳ್ಳೆ ಜೀವಾಣುನೇ ಇರೋ ಬಾಟಲಿ ಹತ್ತು ಕಂಪನಿದು ಸಿಗುತ್ತೆ, ನೀವು ನೋಡ್ಬೇಕಾದ್ದು ಮುಂದಿನ ಬಣ್ಣದ ಚಿತ್ರ ಅಲ್ಲ, ಹಿಂದೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಅನ್ನೋದು. ಅದನ್ನ ಓದದೆ ನಾನು ಒಂದು ವರ್ಷದ ಬೆಳೆ ಕಳ್ಕೊಂಡೆ, ಹಾಗಾಗಿ ಇಷ್ಟುದ್ದ ಬರೀತಿದ್ದೀನಿ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆನೇ ಮುಖ್ಯ, ಮನೆ ಮೇಲಿನ ಬ್ಯಾಣದಲ್ಲಿ ಮಾತ್ರ 46 ನಿಂಬೆ ಗಿಡ ಇದೆ, ಹಿತ್ತಲಲ್ಲಿ ಒಂದು ಕಂಚಿ, ಎರಡು ಹೆರಳೆ. ನಿಂಬೆ ಹಾಕಿ ಒಂಬತ್ತು ವರ್ಷ ಆಯ್ತು. ಬೇಸಿಗೆಲಿ ಶಿವಮೊಗ್ಗ ಮಾರ್ಕೆಟ್ಟಿಗೆ ಚೀಲ ಹಾಕಿ ಕಳಿಸಿದ್ರೆ ಅಡಿಕೆ ಕೊಯ್ಲಿನ ತನಕ ಕೈಯಲ್ಲಿ ಕಾಸು ಓಡಾಡುತ್ತೆ, ಮಗನ ಹಾಸ್ಟೆಲ್ ಫೀಸು ಹೋಗೋದು ಅದರಲ್ಲೇ. ಆದ್ರೆ ಕಾಯಿ ಮೇಲೆ ಕಜ್ಜಿ ಇದ್ರೆ ಮುಗೀತು. ಮಂಡಿಯವರು ಚೀಲ ಬಿಚ್ಚಿ ಕೈ ಹಾಕಿ ನಾಲ್ಕು ಕಾಯಿ ಹೊರಳಿಸ್ತಾರೆ, ಮುಖ ನೋಡಿದ್ರೇ ಗೊತ್ತಾಗುತ್ತೆ, ಅರ್ಧ ರೇಟು. ಒಳಗೆ ರಸ ಎಲ್ಲಾ ಸರಿಯಾಗೇ ಇರುತ್ತೆ ಮಾರಾಯ್ರೆ, ಆದ್ರೂ ಮೇಲಿನ ಸಿಪ್ಪೆ ನೋಡಿನೇ ರೇಟು ಕಟ್ಟೋದು.

ಕಜ್ಜಿ ಅಂದ್ರೆ ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ. ಎಳೆ ಎಲೆ ಮೇಲೆ ಮೊದಲು ಸೂಜಿ ಮೊನೆಯಷ್ಟು ಎಣ್ಣೆ ಹನಿ ಥರ ಒಂದು ಚುಕ್ಕಿ, ಬೆಳಕಿಗೆ ಹಿಡಿದ್ರೆ ಮಾತ್ರ ಕಾಣುತ್ತೆ. ಒಂದು ವಾರ ಹತ್ತು ದಿನ ಬಿಟ್ಟು ನೋಡಿದ್ರೆ ಅದು ಉಬ್ಬಿ ಕಂದು ಬಣ್ಣಕ್ಕೆ ತಿರುಗಿ, ಬಾಟಲಿ ಬಿರಡೆ ಥರ ಒರಟಾಗಿ, ಸುತ್ತ ಹಳದಿ ಉಂಗುರ. ಬೆರಳಾಡಿಸಿದ್ರೆ ಎಲೆಯ ಎರಡೂ ಕಡೆ ಗರಗರ ಅನ್ನುತ್ತೆ, ಬೇರೆ ಚುಕ್ಕಿ ರೋಗಕ್ಕೂ ಇದಕ್ಕೂ ನಾನು ವ್ಯತ್ಯಾಸ ಹಿಡಿಯೋದೇ ಹೀಗೆ. ಇದು ಶಿಲೀಂಧ್ರ ಅಲ್ಲ, ದುಂಡಾಣು, ಅಂದ್ರೆ ಬ್ಯಾಕ್ಟೀರಿಯಾ. ಝಾಂಥೊಮೊನಾಸ್ ಸಿಟ್ರಿ ಅಂತ ಹೆಸರು. ಇದು ಹೊರಗಿಂದ ಬಂದ ರೋಗ ಏನಲ್ಲ, ನಮ್ಮ ದೇಶದಲ್ಲಿ 1827ರಿಂದ 1831ರ ಒಳಗೆ ಯಾರೋ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟ ನಿಂಬೆ ಜಾತಿ ಎಲೆ ಮೇಲೇ ಈ ಕಜ್ಜಿ ಇದ್ದದ್ದು ಆಮೇಲೆ ಪತ್ತೆ ಆಗಿದೆ. ಅಮೆರಿಕದ ಫ್ಲೋರಿಡಾದಲ್ಲಂತೂ ರೋಗ ಬಂದ ಗಿಡದ ಸುತ್ತ 1,900 ಅಡಿಯೊಳಗಿರೋ ನಿಂಬೆ ಕಿತ್ತಳೆ ಜಾತಿ ಗಿಡನೆಲ್ಲ ಕಡಿದು ಹಾಕ್ತಿದ್ರು, ಕೊನೆಗೆ 2006ರಲ್ಲಿ ಅದನ್ನೂ ಕೈಬಿಟ್ರು.

ಮಲೆನಾಡಲ್ಲಿ ಇದರ ಆಟ ಜೋರು. ಗಾಳಿ ಜೊತೆ ಮಳೆ ಹೊಡೆದಾಗ ಹನಿ ಜೊತೆಗೇ ದುಂಡಾಣು ಎಲೆಯ ಉಸಿರಾಟದ ರಂಧ್ರದೊಳಗೆ ನುಗ್ಗುತ್ತೆ. ನಿಂಬೆ ಮುಳ್ಳು ಗಾಳಿಗೆ ತನ್ನ ಎಲೆನೇ ಗೀರುತ್ತೆ, ಆ ಗೀರಲ್ಲೂ ನುಗ್ಗುತ್ತೆ. ಎಲೆ ಒಳಗೆ ಬೆಳ್ಳಿ ಗೆರೆ ಎಳೀತದಲ್ಲ, ಆ ಸುರಂಗದ ಹುಳ, ಅದು ಮಾಡಿದ ಗಾಯದಲ್ಲಂತೂ ಸಾಲಾಗಿ ಕಜ್ಜಿ ಕೂರುತ್ತೆ. ಬಲಿತ ಎಲೆಗೆ ಅಷ್ಟು ತೊಂದ್ರೆ ಇಲ್ಲ, ಚಿಗುರು ಮತ್ತೆ ಎಳೆ ಕಾಯಿಗೇ ಅಪಾಯ. ಆರಿದ್ರಾ ಮಳೆ ಹೊತ್ತಿಗೆ ಸರಿಯಾಗಿ ಎಳೆ ಚಿಗುರು ಇತ್ತು ಅಂದ್ರೆ ನೀವು ಎಂತ ಮಾಡಿದ್ರೂ ಸ್ವಲ್ಪ ಹೋಗೇ ಹೋಗುತ್ತೆ.

ಇಷ್ಟು ವರ್ಷ ನಾವು ಮಾಡ್ತಿದ್ದದ್ದು ಎಲ್ಲರೂ ಮಾಡೋದೇ, ಮೈಲುತುತ್ತ ಸುಣ್ಣ ಹಾಕಿ ಬೋರ್ಡೋ, ಇಲ್ಲಾಂದ್ರೆ ಕಾಪರ್ ಆಕ್ಸಿಕ್ಲೋರೈಡ್, ಅದರ ಜೊತೆಗೆ ಸ್ಟ್ರೆಪ್ಟೊಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಪುಡಿಯ ಸಣ್ಣ ಪೊಟ್ಟಣ. ಬೋರ್ಡೋ ನಮ್ಮ ಕಡೆ ದೇವರಿದ್ದ ಹಾಗೆ, ನೂರು ವರ್ಷಕ್ಕೂ ಹಿಂದೆ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ ಮೈಸೂರು ಸರ್ಕಾರದ ಕೆಲಸದಲ್ಲಿದ್ದಾಗ ಅಡಿಕೆ ಕೊಳೆರೋಗಕ್ಕೆ ಅದನ್ನ ತೋರಿಸಿಕೊಟ್ಟದ್ದು, ಇವತ್ತಿಗೂ ಅದೇ ಅನ್ನ ಹಾಕ್ತಿದೆ. ಆದ್ರೆ ಇವುಗಳಲ್ಲಿರೋ ತಾಮ್ರ ಮಣ್ಣಲ್ಲೇ ಉಳಿಯುತ್ತೆ, ಎಲ್ಲೂ ಹೋಗಲ್ಲ. ಅಡಿಕೆಗೂ ಅದೇ, ನಿಂಬೆಗೂ ಅದೇ, ವರ್ಷ ವರ್ಷ ಸುರಿದ್ರೆ ಎರೆಹುಳದ ಗತಿ ಏನು ಅಂತ ನನಗೆ ಯೋಚನೆ ಆಗ್ತಿತ್ತು.

ಇನ್ನು ಸ್ಟ್ರೆಪ್ಟೊಸೈಕ್ಲಿನ್ ವಿಷಯ ನನ್ನ ಮನಸ್ಸಿಗೆ ಹತ್ರದ್ದು. ಅದರಲ್ಲಿರೋದು ಸ್ಟ್ರೆಪ್ಟೊಮೈಸಿನ್ ಮತ್ತೆ ಟೆಟ್ರಾಸೈಕ್ಲಿನ್, ಎರಡೂ ಮನುಷ್ಯರ ಔಷಧಿ. ನಮ್ಮ ದೊಡ್ಡಪ್ಪನಿಗೆ ಕ್ಷಯ ಬಂದಾಗ ಸೊಂಟಕ್ಕೆ ಚುಚ್ಚುತ್ತಿದ್ದದ್ದು ಇದೇ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಕಂಡುಹಿಡಿದದ್ದು, ಟಿಬಿಗೆ ಕೆಲಸ ಮಾಡಿದ ಮೊದಲನೇ ಆಂಟಿಬಯಾಟಿಕ್. ದೊಡ್ಡಪ್ಪ ಅದರಿಂದ ಬದುಕಿದ್ರು, ಆಮೇಲೆ ಮೂವತ್ತು ವರ್ಷ ತೋಟ ಮಾಡಿದ್ರು. ಅಂಥ ಔಷಧಿನ ನಾನು ಲೀಟರ್‌ಗಟ್ಟಲೆ ನೀರಿಗೆ ಕಲಸಿ ಬ್ಯಾಣದ ಮೇಲೆ ಹೊಡೀತಾ ಇದ್ದೆ. ಹೀಗೆ ಹೊಡೀತಾ ಹೋದ್ರೆ ದುಂಡಾಣು ಅದಕ್ಕೆ ಒಗ್ಗಿಕೊಂಡು ಬಿಡುತ್ತೆ, ಅಮೆರಿಕದ ಮರಸೇಬಿನ (ಪಿಯರ್) ತೋಟಗಳಲ್ಲಿ 1970ರ ದಶಕದಲ್ಲೇ ಹಾಗಾಗಿದೆ. ನಮ್ಮ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕೃಷಿಗೆ ಇವೆರಡನ್ನೂ ನಿಲ್ಲಿಸೋಕೆ ಕರಡು ಆದೇಶ ಹೊರಡಿಸ್ತು, 2024ರ ಜನವರಿಯಿಂದ ಬಳಕೆನೇ ಬೇಡ ಅಂತ ಅದರಲ್ಲಿತ್ತು. ಆ ಸುದ್ದಿ ಓದಿದ ಮೇಲೆ ನಾನು ಆ ಪೊಟ್ಟಣ ತರೋದು ಬಿಟ್ಟೆ, ಬದಲಿಗೆ ಏನಿದೆ ಅಂತ ಹುಡುಕ್ತಾ ಇದ್ದೆ.

ಆ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದು ಮೊದಲನೇ ಬಾಟಲಿ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಬೈಕಲ್ಲಿ ಬಂದ, ಜಗುಲಿ ಮೇಲೆ ಕೂತು ಪಾನಕ ಕುಡಿದು ಬಾಟಲಿ ತೆಗೆದ. “ಸಾರ್ ಇದು ಪೆಪ್ಟೈಡ್, ಹೊಸ ಟೆಕ್ನಾಲಜಿ, ಕಜ್ಜಿ ದುಂಡಾಣುನ ತೂತು ಮಾಡಿ ಸಾಯಿಸುತ್ತೆ, ಅಮೆರಿಕದಲ್ಲಿ ಕಿತ್ತಳೆಗೆ ಇದನ್ನೇ ಕೊಡೋದು” ಅಂದ. ಅರ್ಧ ಲೀಟರಿಗೆ 1,180 ರೂಪಾಯಿ. ಮುಂದೆ ದೊಡ್ಡ ಅಕ್ಷರದಲ್ಲಿ ಪೆಪ್ಟೈಡ್ ಅಂತ ಇತ್ತು, ಪಕ್ಕದಲ್ಲಿ ಗುರಾಣಿ ಹಿಡಿದ ಎಲೆ ಚಿತ್ರ. ಆ ಹುಡುಗ ಹೇಳಿದ ಮಾತಲ್ಲಿ ಮುಕ್ಕಾಲು ಪಾಲು ನಿಜನೇ, ಆಮೇಲೆ ಗೊತ್ತಾಯ್ತು, ಆದ್ರೆ ಆ ನಿಜ ಯಾವುದೂ ಆ ಬಾಟಲಿ ಒಳಗೆ ಇರಲಿಲ್ಲ.

ಮುಚ್ಚಳ ತೆಗೆದ್ರೆ ಕಾಫಿ ಡಿಕಾಕ್ಷನ್ ಬಣ್ಣ, ಗೋಬಿ ಅಂಗಡಿಯ ಸೋಯಾ ಸಾಸ್ ವಾಸನೆ. ಹದಿನೈದು ದಿನಕ್ಕೊಂದು ಸಲದಂತೆ ಮೂರು ಸಲ ಹೊಡೆದೆ. ಗಿಡ ಏನು ಚಿಗುರಿತು ಅಂತೀರಾ! ಎಲೆ ಅಗಲ, ಕಡು ಹಸಿರು, ಮಿರಮಿರ ಮಿಂಚ್ತಿತ್ತು, ದಾರಿಲಿ ಹೋಗೋರು ನಿಂತು ಏನು ಹಾಕಿದ್ರಿ ಅಂತ ಕೇಳೋರು, ನಾನು ಇಬ್ಬರಿಗೆ ಶಿಫಾರಸು ಕೂಡ ಮಾಡಿದೆ, ಅದು ಈಗಲೂ ಬೇಜಾರು. ಮೃಗಶಿರ ಮಳೆ ಹಿಡೀತು, ಆರಿದ್ರಾ ಬಂತು, ಆ ಮೆತ್ತನೆ ಚಿಗುರು ಪೂರ್ತಿ ಕಜ್ಜಿ. ಯಾವ ವರ್ಷನೂ ಅಷ್ಟು ಬಂದಿರಲಿಲ್ಲ. ಎಲೆ ಉದುರಿ ಗಿಡದ ಬುಡ ಹಳದಿ ಆಗಿತ್ತು, ಸಣ್ಣ ಕೊಂಬೆ ತುದಿಯಿಂದ ಒಣಗ್ತಾ ಬಂತು.

ಚೌತಿಗೆ ಅಣ್ಣನ ಮಗಳು ಬಂದಿದ್ಲು. ಅವಳು ಶಿವಮೊಗ್ಗದಲ್ಲಿ ಸಸ್ಯರೋಗ ಶಾಸ್ತ್ರ ಓದ್ತಾ ಇದ್ದಾಳೆ. ಕೊಟ್ಟಿಗೆ ಗೂಡಲ್ಲಿದ್ದ ಖಾಲಿ ಬಾಟಲಿ ತಗೊಂಡು ಹಿಂದೆ ತಿರುಗಿಸಿ ಓದಿದವಳು, “ಚಿಕ್ಕಯ್ಯ, ಇಲ್ಲಿ ನೋಡಿ, ಪ್ರೋಟೀನ್ ಹೈಡ್ರೊಲೈಸೇಟ್ ಅಂತಿದೆ, ಇದು ಔಷಧಿನೇ ಅಲ್ಲ, ಗಿಡಕ್ಕೆ ಟಾನಿಕ್ಕು” ಅಂದ್ಲು. ನಾನು ಕನ್ನಡಕ ತಂದು ನೋಡಿದೆ. ಬಾಟಲಿ ಮೇಲೆ ಎಲ್ಲೂ ರೋಗ ಅನ್ನೋ ಪದ ಇರಲಿಲ್ಲ. ಕೀಟನಾಶಕ ನೋಂದಣಿ ನಂಬರ್ ಇರಲಿಲ್ಲ. ಔಷಧಿ ಡಬ್ಬಿ ಮೇಲೆ ಇರೋ ಬಣ್ಣದ ಗುರುತೂ ಇರಲಿಲ್ಲ. ರೋಗ ವಾಸಿ ಆಗುತ್ತೆ ಅಂದದ್ದು ಆ ಹುಡುಗನ ಬಾಯಿ ಮಾತ್ರ.

ಅವಳು ಹೇಳಿದ್ದು ನನಗೆ ಅರ್ಥ ಆದ ಹಾಗೆ ಬರೀತೀನಿ. ಪ್ರೋಟೀನ್ ಅನ್ನೋದು ಅಮೈನೊ ಆಮ್ಲದ ಮಣಿ ಪೋಣಿಸಿದ ಉದ್ದ ಸರ, ಆ ಸರ ತುಂಡಾದ್ರೆ ಪ್ರತಿ ತುಂಡೂ ಒಂದು ಪೆಪ್ಟೈಡ್. ಸೋಯಾ ಹಿಂಡಿನೋ ಮೀನಿನ ತ್ಯಾಜ್ಯಾನೋ ಆಸಿಡ್ ಅಥವಾ ಎಂಜೈಮ್ ಹಾಕಿ ಒಡೆದ್ರೆ ರಾಶಿ ಪೆಪ್ಟೈಡ್ ಸಿಗುತ್ತೆ, ಅದನ್ನ ಬಾಟಲಿಗೆ ತುಂಬಿ ಪೆಪ್ಟೈಡ್ ಅಂದ್ರೆ ಸುಳ್ಳಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಇಂಥವನ್ನ ಜೈವಿಕ ಉತ್ತೇಜಕ ಅಂತ ಹೆಸರಿಟ್ಟು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದೆ, ಅದರಲ್ಲಿ ಪ್ರೋಟೀನ್ ಹೈಡ್ರೊಲೈಸೇಟ್ ಒಂದು ವರ್ಗ. ಗಿಡ ಬೆಳೆಸೋಕೆ ಒಳ್ಳೇದೇ. ಆದ್ರೆ ದುಂಡಾಣುನ ಸಾಯಿಸೋ ಪೆಪ್ಟೈಡ್ ಬೇರೆ ಜಾತಿ, ಅದರಲ್ಲಿ ಯಾವ ಮಣಿ ಯಾವ ಜಾಗದಲ್ಲಿ ಕೂತಿದೆ ಅನ್ನೋದೇ ಮುಖ್ಯ. ನಾಲ್ಕು ಅಕ್ಷರ ಸೇರಿದ ಮಾತ್ರಕ್ಕೆ ಮಂತ್ರ ಆಗಲ್ಲ ಅಲ್ವಾ, ಹಾಗೆ. ನನ್ನ ವಿಷಯದಲ್ಲಿ ಟಾನಿಕ್ಕು ಮಳೆಗೆ ಮುಂಚೆ ಮೆತ್ತನೆ ಚಿಗುರು ಎಬ್ಬಿಸಿ ಕಜ್ಜಿಗೆ ಎಲೆ ಹಾಕಿ ಬಡಿಸಿದ ಹಾಗಾಯ್ತು.

ಆ ಬಾಟಲಿಗೆ ಒಂದು ಸ್ಟಾರ್ ಕೊಟ್ಟದ್ದು ಗಿಡ ಚಿಗುರಿದ್ದಕ್ಕೆ. ಮಾರಿದ ರೀತಿಗೆ ಅದೂ ಇಲ್ಲ.

ಆದ್ರೆ ಆವತ್ತು ರಾತ್ರಿ ಊಟ ಆದ ಮೇಲೆ ಅವಳು ನಿಜವಾದ ಪೆಪ್ಟೈಡ್‌ಗಳ ಬಗ್ಗೆ ಹೇಳಿದ್ದು ಕೇಳಿ ನನಗೆ ಸಿಟ್ಟು ಇಳಿದು ಆಸೆ ಹುಟ್ಟಿತು. ಅಮೆರಿಕದಲ್ಲಿ ಮೈಕೆಲ್ ಝಾಸ್ಲಾಫ್ ಅಂತ ಒಬ್ಬ ವಿಜ್ಞಾನಿ, ಆಫ್ರಿಕಾದ ಒಂದು ಜಾತಿ ಕಪ್ಪೆಗೆ ಆಪರೇಷನ್ ಮಾಡಿ ಹೊಲಿಗೆ ಹಾಕಿ ತಿರುಗಿ ಕೊಳಕು ನೀರಿನ ತೊಟ್ಟಿಗೇ ಬಿಡ್ತಿದ್ದ, ಗಾಯ ಕೀವಾಗ್ತಾನೇ ಇರಲಿಲ್ಲ. ಯಾಕೆ ಅಂತ ಹುಡುಕಿದಾಗ ಕಪ್ಪೆ ಚರ್ಮದಲ್ಲೇ 23 ಮಣಿಯ ಒಂದು ಪೆಪ್ಟೈಡ್ ಸಿಕ್ತು, 1987ರಲ್ಲಿ ಪ್ರಕಟ ಮಾಡಿದ, ಹೀಬ್ರೂ ಭಾಷೇಲಿ ಗುರಾಣಿ ಅನ್ನೋ ಪದದಿಂದ ಮೆಗೈನಿನ್ ಅಂತ ಹೆಸರಿಟ್ಟ. ಅದಕ್ಕೂ ಮುಂಚೆ 1981ರಲ್ಲಿ ಸ್ವೀಡನ್ನಿನ ಹಾನ್ಸ್ ಬೋಮನ್ ತಂಡದವರು ಒಂದು ದೊಡ್ಡ ಪತಂಗದ ಕೋಶದಲ್ಲಿ ಸೆಕ್ರೋಪಿನ್ ಅನ್ನೋದನ್ನ ಕಂಡುಹಿಡಿದಿದ್ರು. ಜೇನುನೊಣದ ವಿಷದಲ್ಲಿ ಮೆಲಿಟಿನ್ ಅಂತ ಒಂದಿದೆ. ಮಳೆಗಾಲ ಪೂರ್ತಿ ನಮ್ಮ ತೋಟದ ಕೊಚ್ಚೆ ಕಪ್ಪಲಲ್ಲಿ ಕೂತು ಕೂಗೋ ಕಪ್ಪೆಗೆ ಹುಣ್ಣು ಯಾಕಾಗಲ್ಲ ಅಂತ ನಾನು ಒಂದು ದಿನನೂ ಯೋಚಿಸಿರಲಿಲ್ಲ.

ಇವು ಕೆಲಸ ಮಾಡೋ ರೀತಿನೇ ಬೇರೆ. ದುಂಡಾಣುವಿನ ಹೊರಪೊರೆಗೆ ಋಣ ವಿದ್ಯುತ್ ಗುಣ, ಈ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವಕ್ಕೆ ಧನ ಗುಣ, ಹಾಗಾಗಿ ಉಂಬಳ ಕಾಲಿಗೆ ಹತ್ತಿದ ಹಾಗೆ ಹುಡುಕಿಕೊಂಡು ಹೋಗಿ ಅಂಟುತ್ತೆ, ಅಂಟಿದ ಮೇಲೆ ಪೊರೆ ಒಳಗೆ ಸೇರಿ ತೂತು ಮಾಡುತ್ತೆ, ಒಳಗಿದ್ದದ್ದೆಲ್ಲ ಸೋರಿ ದುಂಡಾಣು ಸಾಯುತ್ತೆ. ಆಂಟಿಬಯಾಟಿಕ್ಕು ಸಾಮಾನ್ಯವಾಗಿ ಒಳಗಿನ ಯಾವುದೋ ಒಂದು ಕೀಲಿಗೆ ಕೈ ಹಾಕುತ್ತೆ, ದುಂಡಾಣು ಆ ಕೀಲಿ ಸ್ವಲ್ಪ ಬದಲಾಯಿಸಿಕೊಂಡ್ರೆ ಔಷಧಿ ಕೆಟ್ಟಿತು. ಪೂರ್ತಿ ಪೊರೆನೇ ಬದಲಾಯಿಸೋದು ಅಷ್ಟು ಸುಲಭ ಅಲ್ಲ. ಒಗ್ಗಿಕೊಳ್ಳೋದೇ ಇಲ್ಲ ಅಂತಲ್ಲ, ಕಷ್ಟ ಪಟ್ಟು ಒಗ್ಗಿಕೊಳ್ಬೇಕು.

ಸ್ಪೇನ್ ದೇಶದ ಜಿರೋನಾ ವಿಶ್ವವಿದ್ಯಾಲಯದವರು ಪತಂಗದ ಸೆಕ್ರೋಪಿನ್ನಿಂದ ಸ್ವಲ್ಪ, ಜೇನಿನ ಮೆಲಿಟಿನ್ನಿಂದ ಸ್ವಲ್ಪ ಕಸಿ ಮಾಡಿದ ಹಾಗೆ ಮಾಡಿ ಬರೀ 11 ಮಣಿಯ ಬಿಪಿ100 ಅಂತ ಒಂದು ಪೆಪ್ಟೈಡ್ ತಯಾರಿಸಿದ್ದಾರೆ, ಹಣ್ಣಿನ ಗಿಡದ ದುಂಡಾಣುಗಳನ್ನೇ ಗುರಿ ಇಟ್ಟು. ಸೇಬು, ಮರಸೇಬಿನ ಗಿಡ ಸುಟ್ಟ ಹಾಗೆ ಮಾಡೋ ಎರ್ವಿನಿಯಾ ಅನ್ನೋ ದುಂಡಾಣು ಮೇಲೂ, ನಮ್ಮ ಕಜ್ಜಿ ಜಾತಿಯ ಝಾಂಥೊಮೊನಾಸ್ ಮೇಲೂ ಅದು ಕೆಲಸ ಮಾಡುತ್ತೆ. ಬೈಕ್ ಹುಡುಗ ಹೇಳಿದ ಅಮೆರಿಕದ ಕಿತ್ತಳೆ ಕಥೆನೂ ಪೂರ್ತಿ ಗಾಳಿಮಾತಲ್ಲ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೈಲಿಂಗ್ ಜಿನ್ ಅನ್ನೋ ವಿಜ್ಞಾನಿ ಆಸ್ಟ್ರೇಲಿಯಾದ ಕಾಡಲ್ಲಿ ಬೆಳೆಯೋ ಬೆರಳಿನಾಕಾರದ ಒಂದು ನಿಂಬೆ ಜಾತಿ ಯಾಕೆ ರೋಗ ತಡೆದುಕೊಳ್ಳುತ್ತೆ ಅಂತ ನೋಡಿ, ಅದರಿಂದ 67 ಮಣಿಯ ಪೆಪ್ಟೈಡ್ ತೆಗೆದು 2021ರಲ್ಲಿ ಪ್ರಕಟ ಮಾಡಿದ್ರು. ಅದು ಕಜ್ಜಿಗಲ್ಲ, ಕಿತ್ತಳೆ ಗಿಡನ ನಿಧಾನಕ್ಕೆ ಕೊಲ್ಲೋ ಗ್ರೀನಿಂಗ್ ರೋಗಕ್ಕೆ, ನಮ್ಮ ಕೊಡಗಿನ ಕಿತ್ತಳೆಗೆ ಬಡಿದ ರೋಗಗಳಲ್ಲಿ ಅದೂ ಒಂದು. ಬಿಸಿಲಿನ ಕಾವಿಗೆ ಹಾಳಾಗದೆ ತಡೆಯುತ್ತೆ ಅನ್ನೋದೇ ಅದರ ಹೆಚ್ಚುಗಾರಿಕೆ, ಯಾಕಂದ್ರೆ ಇಂಥ ಪೆಪ್ಟೈಡ್‌ಗಳ ದೊಡ್ಡ ಕಷ್ಟನೇ ಅದು. ಬಿಸಿಲಿಗೆ ಹೋಗುತ್ತೆ, ಎಲೆ ಮೇಲಿರೋ ಎಂಜೈಮ್‌ಗಳು ಕತ್ತರಿಸಿ ಹಾಕ್ತವೆ, ಮಳೆಗೆ ತೊಳೆದು ಹೋಗುತ್ತೆ, ಲ್ಯಾಬಲ್ಲಿ ಒಂದೊಂದೇ ಮಣಿ ಪೋಣಿಸಿ ಮಾಡೋಕೆ ಖರ್ಚು ವಿಪರೀತ. ಭತ್ತದ ಕಾಳಿನೊಳಗೇ ಬಿಪಿ100 ಬೆಳೆಸಿ ಖರ್ಚು ಇಳಿಸೋ ಪ್ರಯತ್ನ ಕೂಡ ಆಗಿದೆ ಅಂದಾಗ ನಮ್ಮ ಅಮ್ಮ, ಜಪ ಮಾಡ್ತಾ ಕೂತಿದ್ದವರು, “ಭತ್ತದೊಳಗಾ?” ಅಂತ ತಿರುಗಿ ಕೇಳಿದ್ರು.

“ಹಾಗಾದ್ರೆ ನನಗೆ ಶಿವಮೊಗ್ಗದಲ್ಲಿ ಈಗ ಏನು ಸಿಗುತ್ತೆ ಹೇಳು” ಅಂದೆ. “ಪೆಪ್ಟೈಡ್ ಬೇಡ ಚಿಕ್ಕಯ್ಯ, ಪೆಪ್ಟೈಡ್ ಮಾಡೋನನ್ನೇ ತನ್ನಿ” ಅಂದ್ಲು.

ಅದೇ ಎರಡನೇ ಬಾಟಲಿ, ಬ್ಯಾಸಿಲಸ್ ಸಬ್ಟಿಲಿಸ್. ಇದೂ ಒಂದು ದುಂಡಾಣುನೇ, ಮಣ್ಣಲ್ಲಿ ಇರೋದು, ಜಪಾನಿನವರು ಸೋಯಾ ಕಾಳು ಹುದುಗಿಸಿ ನಾಟೊ ಅಂತ ತಿಂಡಿ ಮಾಡೋದು ಇದರಿಂದಲೇ. ಇದು ತನ್ನ ಜಾಗ ಉಳಿಸಿಕೊಳ್ಳೋಕೆ ಸುತ್ತ ಪೆಪ್ಟೈಡ್ ಬಿಡುತ್ತೆ. ಸರ್ಫ್ಯಾಕ್ಟಿನ್ ಅನ್ನೋದು ಒಂದು, 1968ರಲ್ಲಿ ಜಪಾನಿನವರು ಗುರುತಿಸಿದ್ದು, ಏಳು ಮಣಿಯ ಉಂಗುರಕ್ಕೆ ಕೊಬ್ಬಿನ ಬಾಲ ಸೇರಿದ ಹಾಗೆ, ಅಂಟುವಾಳ ನೊರೆ ಜಿಡ್ಡು ಬಿಡಿಸಿದ ಥರ ವೈರಿಯ ಪೊರೆ ಕದಡುತ್ತೆ, ಜೊತೆಗೆ ಗಿಡಕ್ಕೂ ಹುಷಾರಾಗಿರು ಅಂತ ಎಚ್ಚರಿಕೆ ಕೊಡುತ್ತೆ. ಇಟುರಿನ್, ಫೆಂಜಿಸಿನ್ ಅನ್ನೋವು ಹೆಚ್ಚಾಗಿ ಶಿಲೀಂಧ್ರಕ್ಕೆ. ಬ್ಯಾಸಿಲಿಸಿನ್ ಅಂತ ಎರಡೇ ಮಣಿಯದ್ದು ಒಂದಿದೆ, ಅದು ಝಾಂಥೊಮೊನಾಸ್ ಜಾತಿಗೆ ಮಾರಕ. ಅಂದ್ರೆ ಬಾಟಲಿಲಿ ರೆಡಿ ಪೆಪ್ಟೈಡ್ ತಂದು ಬಿಸಿಲಿಗೆ ಹಾಳು ಮಾಡೋ ಬದಲು ಅದನ್ನ ತಯಾರಿಸೋನನ್ನೇ ಎಲೆ ಮೇಲೆ ಕೂರಿಸೋದು.

ಅವಳು ಫೋನಲ್ಲಿ ಒಂದು ಫೋಟೊ ತೋರಿಸಿದ್ಲು, ಕಾಲೇಜಲ್ಲಿ ತೆಗೆದದ್ದು. ಅಂಗೈ ಅಗಲದ ಗಾಜಿನ ತಟ್ಟೆ, ಒಳಗೆ ಪೂರ್ತಿ ಅರಿಶಿನ ಕಲಸಿ ಬಳಿದ ಹಾಗೆ ಹಳದಿ ಲೋಳೆ, ಅದು ಝಾಂಥೊಮೊನಾಸ್. ಮಧ್ಯದಲ್ಲಿ ಬಿಳಿ ಬೊಟ್ಟಿನಷ್ಟು ಬ್ಯಾಸಿಲಸ್. ಆ ಬೊಟ್ಟಿನ ಸುತ್ತ ಒಂದು ಬೆರಳಗಲ ಖಾಲಿ, ಸ್ವಚ್ಛ, ತಟ್ಟೆಯ ತಳ ಕಾಣೋ ಹಾಗೆ, ಹಳದಿ ಅಲ್ಲಿಗೆ ಬಂದು ಗೆರೆ ಎಳೆದ ಹಾಗೆ ನಿಂತಿತ್ತು. ನಾನು ಎರಡು ಬೆರಳಲ್ಲಿ ದೊಡ್ಡ ಮಾಡಿ ಮಾಡಿ ನೋಡಿದೆ. ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಲ್ಲ ಅಂದ್ರೆ ಅವಳು, “ತಟ್ಟೆಲಿ ಮಳೆ ಬರಲ್ಲ ಚಿಕ್ಕಯ್ಯ” ಅಂದ್ಲು. ಆ ಮಾತು ಎಷ್ಟು ಸತ್ಯ ಅಂತ ಮುಂದಿನ ಮಳೆಗಾಲದಲ್ಲಿ ಗೊತ್ತಾಯ್ತು.

ತಗೊಂಡದ್ದು ಶಿವಮೊಗ್ಗದಲ್ಲಿ ಎಪಿಎಂಸಿ ಕಡೆ ಒಂದು ಔಷಧಿ ಅಂಗಡಿಲಿ. ಲೀಟರಿಗೆ 460 ರೂಪಾಯಿ. ಆ ಅಂಗಡಿಯವರ ಬಗ್ಗೆ ಒಳ್ಳೆ ಮಾತು ಬರೀಲೇಬೇಕು. ಜೀವಿ ಇರೋ ಬಾಟಲಿನೆಲ್ಲ ಮುಂದೆ ಬಿಸಿಲಿಗೆ ಜೋಡಿಸದೆ ಒಳಗಿನ ತಂಪು ಕೋಣೆಲಿ ಇಟ್ಟಿದ್ರು. ಕೇಳೋ ಮುಂಚೆನೇ ತಯಾರಾದ ತಾರೀಖು, ಅವಧಿ ಮುಗಿಯೋ ತಾರೀಖು ತೋರಿಸಿದ್ರು, ಮುಂದಿದ್ದ ಬಾಟಲಿಗೆ ಅವಧಿ ಎರಡೇ ತಿಂಗಳು ಇತ್ತು ಅಂತ ಅದನ್ನ ಬದಿಗಿಟ್ಟು ಹೊಸ ಸ್ಟಾಕಿಂದ ತಂದುಕೊಟ್ರು. ನೋಂದಣಿ ನಂಬರ್, ಒಂದು ಎಂಎಲ್‌ನಲ್ಲಿ ಎಷ್ಟು ಜೀವಾಣು ಇದೆ ಅನ್ನೋ ಲೆಕ್ಕ, ಹಸಿರು ಗುರುತು ಎಲ್ಲ ಇತ್ತು. “ನಿಂಬೆ ಕಜ್ಜಿ ಅಂತ ಇದರ ಲೇಬಲ್ಲಿನಲ್ಲಿ ಬರೆದಿಲ್ಲ ಗೌಡ್ರೆ, ಹಾಗಾಗಿ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ, ಮೊದಲು ನಾಲ್ಕು ಗಿಡಕ್ಕೆ ಹೊಡೆದು ನೋಡಿ” ಅಂದ್ರು. ಗಲ್ಲಾ ಮೇಲೆ ಕೂತವರು ಹೀಗೆ ಹೇಳಿದ್ದು ನಾನು ಕೇಳಿದ್ದೇ ಮೊದಲು. ಬಿಲ್ಲು ಕೇಳದೇ ಕೊಟ್ರು. ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಬೆಳಿಗ್ಗೆ ಹತ್ತರ ತನಕ ಬಾಗಿಲೂ ತೆಗೆಯಲ್ಲ, ಮೊದಲ ಬಸ್ಸಿಗೆ ಹೋದವರು ಕಾಯ್ಬೇಕು.

ಬಾಟಲಿ ಅಲ್ಲಾಡಿಸಿದ್ರೆ ತಳದಲ್ಲಿ ಕೂತ ಬೂದು ಕೆಸರು ಮೇಲೆದ್ದು ಮಜ್ಜಿಗೆ ಥರ ಆಗುತ್ತೆ, ಹುಳಿ ಬಂದ ಗಂಜಿ ವಾಸನೆ. ಚೆನ್ನಾಗಿ ಅಲ್ಲಾಡಿಸದೇ ಹಾಕಿದ್ರೆ ಮೇಲಿನ ನೀರು ಮಾತ್ರ ಹೋಗುತ್ತೆ, ಬಟ್ಟೆಲಿ ಸೋಸದಿದ್ರೆ ಪಂಪಿನ ನಾಜಲ್ ಕಟ್ಟುತ್ತೆ, ನನಗೆ ಮೊದಲ ದಿನ ಎರಡು ಸಲ ಕಟ್ಟಿತು.

ಕಳೆದ ವರ್ಷ ನಾನು ಮಾಡಿದ್ದು ಹೀಗೆ. ಜನವರಿಲಿ ಕಜ್ಜಿ ಹಿಡಿದ ಕೊಂಬೆ ಎಲ್ಲ ಸವರಿ, ಉದುರಿದ ಎಲೆ ಗುಡಿಸಿ, ಗದ್ದೆ ಬದಿಲಿ ಸುಟ್ಟೆ. ಸವರಿದ ಮೇಲೆ ಒಂದು ಸಲ ಬೋರ್ಡೋ ಶೇಕಡಾ 1ರದ್ದು ಹೊಡೆದೆ. ಆಮೇಲೆ ಮೂರು ವಾರ ಬಿಟ್ಟೆ, ಯಾಕಂದ್ರೆ ತಾಮ್ರ ಕಜ್ಜಿ ದುಂಡಾಣುಗೂ ಬ್ಯಾಸಿಲಸ್‌ಗೂ ಬೇಧ ಮಾಡಲ್ಲ, ಎರಡನ್ನೂ ಒಂದೇ ಡ್ರಮ್ಮಿಗೆ ಹಾಕೋದು ದುಡ್ಡು ಚೆಲ್ಲಿದ ಹಾಗೆ. ಬೋರ್ಡೋ ಕಲಸಿದ ಡ್ರಮ್ಮನ್ನೂ ಚೆನ್ನಾಗಿ ತೊಳೀಬೇಕು, ನಾನು ಬೇರೆ ಡ್ರಮ್ಮೇ ಇಟ್ಟೆ. ಚಿಗುರು ಎರಡು ಇಂಚು ಬಂದಾಗ ಸುರಂಗದ ಹುಳಕ್ಕೆ ಬೇವಿನೆಣ್ಣೆ, ಅದಾಗಿ ಮೂರನೇ ದಿನ ಸಂಜೆ ಐದರ ಮೇಲೆ ಬ್ಯಾಸಿಲಸ್, ಲೇಬಲ್ಲಿನಲ್ಲಿ ಇದ್ದ ಹಾಗೆ ಲೀಟರಿಗೆ 5 ಎಂಎಲ್, ಎಲೆಗೆ ಅಂಟೋಕೆ ಸ್ವಲ್ಪ ಗಮ್ ಹಾಕಿ, ಎಲೆಯ ಕೆಳಗಡೆಗೂ ಸಿಗೋ ಹಾಗೆ. ಹದಿನೈದು ದಿನಕ್ಕೆ ಇನ್ನೊಂದು ಸಲ. ಕಾಯಿ ಗೋಲಿ ಗಾತ್ರ ಆದಾಗ ಮತ್ತೊಂದು. ಮೇಲಿನ ಸಾಲಿನ ಎಂಟು ಗಿಡಕ್ಕೆ ಮಾತ್ರ ಬ್ಯಾಸಿಲಸ್ ಹೊಡೆಯದೆ ಬಿಟ್ಟೆ, ಉಳಿದದ್ದೆಲ್ಲ ಅವಕ್ಕೂ ಒಂದೇ ಥರ. ಹಾಗೆ ಬಿಡ್ಲೇಬೇಕು, ಇಲ್ಲಾಂದ್ರೆ ನಿಮಗೇ ಗೊತ್ತಾಗಲ್ಲ, ಅಂತ ಅಣ್ಣನ ಮಗಳು ಹಠ ಹಿಡಿದಿದ್ಲು.

ಬೇಸಿಗೆ ಚಿಗುರಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣೋಷ್ಟು ಇತ್ತು. ಏಪ್ರಿಲ್‌ನಲ್ಲಿ ಎರಡು ಅಡ್ಡಮಳೆ ಆಯ್ತು, ಗಾಳಿನೂ ಇತ್ತು. ಬಿಟ್ಟ ಎಂಟು ಗಿಡದಲ್ಲಿ ಹಳದಿ ಉಂಗುರ ಹುಡುಕೋ ಕೆಲಸನೇ ಇರಲಿಲ್ಲ, ಹೊಡೆದ ಗಿಡದಲ್ಲಿ ಕೊಂಬೆ ಬಗ್ಗಿಸಿ ಹುಡುಕ್ಬೇಕಿತ್ತು. ಮೇ ತಿಂಗಳ ಕಾಯಿ ಮಂಡಿಯವರು ಮಾತಾಡದೆ ತಗೊಂಡ್ರು, ಪೂರ್ತಿ ರೇಟು.

ಮಳೆಗಾಲ ಬಂತು, ಸೋತೆ. ಪುನರ್ವಸು ಪುಷ್ಯ ಎರಡೂ ಬಿಡದೆ ಸುರೀತು, ಹೊಡೆಯೋಕೆ ಒಂದು ಒಣ ಸಂಜೆ ಸಿಗ್ಲಿಲ್ಲ, ಒಂದು ದಿನ ಹೊಳವು ಕಂಡು ಹೊಡೆದ್ರೆ ಅರ್ಧ ಗಂಟೆಗೆ ಮಳೆ ಬಂದು ತೊಳೀತು. ಆ ಚಿಗುರಲ್ಲಿ ಎರಡೂ ಕಡೆ ಗಿಡ ಹೆಚ್ಚು ಕಮ್ಮಿ ಒಂದೇ ಥರ ಕಜ್ಜಿ ಹಿಡಿದ್ವು. ಇದನ್ನ ಮುಚ್ಚಿಡೋದು ಸರಿ ಅಲ್ಲ. ಆಗುಂಬೆ ಹೊಸನಗರ ಕಡೆ ಮಳೆಗಾಲದ ನಡುವೆ ಇದನ್ನ ಹೊಡೆದು ಕಜ್ಜಿ ನಿಲ್ಲಿಸ್ತೀನಿ ಅಂದ್ರೆ ಆಗೋ ಮಾತಲ್ಲ. ಮಳೆ ಬಿಟ್ಟ ಮೇಲೆ ಸೆಪ್ಟೆಂಬರ್ ಕೊನೆಲಿ ಬಂದ ಚಿಗುರಿಗೆ ಎರಡು ಸಲ ಹೊಡೆದೆ, ಅದು ಪರವಾಗಿಲ್ಲ ಅನ್ನೋ ಹಾಗೆ ಉಳೀತು.

ಆಗಲೇ ಆಗಿರೋ ಕಜ್ಜಿನ ಇದು ವಾಸಿ ಮಾಡಲ್ಲ ಅನ್ನೋದು ಇನ್ನೊಂದು. ಚುಕ್ಕಿ ಬಿದ್ದ ಎಲೆ ಚುಕ್ಕಿ ಬಿದ್ದದ್ದೇ. ಬ್ಯಾಸಿಲಸ್ ಮುಂಚೆ ಹೋಗಿ ಜಾಗ ಹಿಡೀಬೇಕು, ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ನಮ್ಮ ಪಕ್ಕದ ಮನೆಯವರು ಗಿಡ ಪೂರ್ತಿ ಕಜ್ಜಿ ಆದ ಮೇಲೆ ನನ್ನತ್ರ ಅರ್ಧ ಲೀಟರ್ ತಗೊಂಡು ಹೋಗಿ ಹೊಡೆದು, ಏನೂ ಆಗ್ಲಿಲ್ಲ ಅಂದ್ರು, ಆಗೋದೂ ಇಲ್ಲ.

ಹೊಸದುರ್ಗದ ಹತ್ರ ನಮ್ಮ ಭಾವನೋರು ದಾಳಿಂಬೆ ಹಾಕಿದ್ದಾರೆ, ಅಲ್ಲಿನ ದುಂಡಾಣು ಅಂಗಮಾರಿ ಕೂಡ ಝಾಂಥೊಮೊನಾಸ್ ಕುಲದ್ದೇ, ಕಾಯಿ ಮೇಲೆ ನಕ್ಷತ್ರದ ಹಾಗೆ ಬಿರುಕು ಬಿಡಿಸುತ್ತೆ. ಅವರೂ ಸ್ಟ್ರೆಪ್ಟೊಸೈಕ್ಲಿನ್ ಬಿಟ್ಟು ಇದನ್ನ ಶುರು ಮಾಡ್ತೀನಿ ಅಂದಿದ್ದಾರೆ. ಅಲ್ಲಿ ಮಳೆ ಕಮ್ಮಿ, ಒಣ ಸಂಜೆ ಬೇಕಾದಷ್ಟು, ನಮಗಿಂತ ಅವರಿಗೇ ಇದು ಹೊಂದುತ್ತೆ ಅಂತ ನನಗನ್ಸುತ್ತೆ.

ಮೂರೂವರೆ ಸ್ಟಾರ್ ಯಾಕೆ ಅಂದ್ರೆ ಇದೇ, ಬೇಸಿಗೆಲಿ ನಾಲ್ಕೂವರೆ, ಮಳೆಗಾಲದಲ್ಲಿ ಎರಡು. ಖರ್ಚು ತಾಮ್ರಕ್ಕಿಂತ ಜಾಸ್ತಿ ಬೀಳುತ್ತೆ, ಕೆಲಸನೂ ಜಾಸ್ತಿ. ಆದ್ರೆ ಹೊಡೆಯುವಾಗ ಬಾಯಿಗೆ ಕಹಿ ಇಲ್ಲ, ಕಣ್ಣುರಿ ಇಲ್ಲ, ಹೂವಿಗೆ ಬಂದ ಜೇನು ಮರುದಿನ ಬೆಳಿಗ್ಗೆ ಅಲ್ಲೇ ಇತ್ತು. ದೊಡ್ಡಪ್ಪನ ಔಷಧಿನ ಗಿಡಕ್ಕೆ ಸುರಿಯೋದು ತಪ್ಪಿತಲ್ಲ, ನನಗೆ ಅದು ದೊಡ್ಡ ಸಮಾಧಾನ.

ಬಿಪಿ100 ಥರದ್ದೋ ಆ ಆಸ್ಟ್ರೇಲಿಯಾ ನಿಂಬೆದೋ ಪೆಪ್ಟೈಡ್ ನಿಜವಾಗಿ, ನೋಂದಣಿ ಆಗಿ, ಕೈಗೆಟಕೋ ರೇಟಿಗೆ ಶಿವಮೊಗ್ಗಕ್ಕೆ ಬಂದ ದಿನ ಮೊದಲು ತರೋನು ನಾನೇ. ಅಲ್ಲಿ ತನಕ ಯಾರಾದ್ರೂ ಜಗುಲಿ ಮೇಲೆ ಕೂತು ಪೆಪ್ಟೈಡ್ ಅಂದ್ರೆ ಬಾಟಲಿ ಈಸ್ಕೊಂಡು ಹಿಂದೆ ತಿರುಗಿಸಿ, ಯಾವ ಪೆಪ್ಟೈಡು, ಯಾವ ರೋಗಕ್ಕೆ ಅಂತ ಬರೆದಿದೆ, ನೋಂದಣಿ ನಂಬರ್ ಎಲ್ಲಿ, ಇಷ್ಟು ಕೇಳಿ.

ಈ ವರ್ಷ ಸವರೋ ಕೆಲಸ ಮುಗೀತು, ಬೋರ್ಡೋ ಆಗಿ ಹದಿನೆಂಟು ದಿನ ಆಯ್ತು. ಚಿಗುರು ಒಂದೂವರೆ ಇಂಚು ಬಂದಿದೆ, ನಾಳೆ ಬೇವಿನೆಣ್ಣೆ. ಮೇಲಿನ ಸಾಲಿನ ಆ ಎಂಟು ಗಿಡಕ್ಕೂ ಈ ಸಲ ಬ್ಯಾಸಿಲಸ್ ಹೊಡೀತೀನಿ, ಡ್ರಮ್ಮು ತೊಳೆದು ಅಂಗಳದಲ್ಲಿ ಮಗುಚಿ ಇಟ್ಟಿದ್ದೀನಿ.